ಪ್ರವಾಸಿಗರನ್ನೇ ನಂಬಿದ ಬಾಲಿ ಬೇರೆ ದುಡಿಮೆ ಹುಡುಕುತ್ತಿರುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಿಂದ ಬಾಲಿಯ ಡೆನ್ಪಸಾರ್‌ಗೆ 2024ರ ಮಾರ್ಚ್‌ನಲ್ಲಿ ನೇರ ವಿಮಾನ ಆರಂಭವಾಯಿತು. ಮದುವೆಯಾದ ಹೊಸದರಲ್ಲೋ ಮಕ್ಕಳ ರಜೆಯಲ್ಲೋ ಅಲ್ಲಿಗೆ ಹೋಗಿಬಂದವರು ಈಗ ನಮ್ಮ ನೆಂಟರಿಷ್ಟರಲ್ಲೇ ಸಿಗುತ್ತಾರೆ. ಅವರು ತಂದ ಫೋಟೊಗಳಲ್ಲಿ ಮೆಟ್ಟಿಲು ಮೆಟ್ಟಿಲಾದ ಗದ್ದೆ ಇರುತ್ತದೆ, ಕಡಲಂಚಿನ ಗುಡಿ ಇರುತ್ತದೆ. ಆ ಗದ್ದೆಯನ್ನು ಉಳುವ ಮನೆಯವರು ಅದನ್ನು ಇನ್ನೆಷ್ಟು ವರ್ಷ ಉಳಿಸಿಕೊಳ್ಳಬಲ್ಲರು ಎಂಬುದು ಫೋಟೊದಲ್ಲಿ ಕಾಣುವುದಿಲ್ಲ. ಈ ಪುಟ ಅದರ ಬಗ್ಗೆ.

ಪ್ರವಾಸಿಗರು ತುಂಬಿ ತುಳುಕುತ್ತಿರುವಾಗ ಬಾಲಿಗೆ ಬೇರೆ ದುಡಿಮೆಯ ಚಿಂತೆ ಏಕೆ?

ತುಂಬಿ ತುಳುಕುತ್ತಿರುವುದು ನಿಜ. 2024ರಲ್ಲಿ 63 ಲಕ್ಷಕ್ಕೂ ಹೆಚ್ಚು ವಿದೇಶಿಯರು ಬಂದರು. ಇಂಡೊನೇಷ್ಯಾದ ಬೇರೆ ದ್ವೀಪಗಳಿಂದ ಬಂದವರ ಲೆಕ್ಕ ಬೇರೆಯೇ ಇದೆ. ಬಾಲಿಯ ವಿಸ್ತೀರ್ಣ ನಮ್ಮ ಕೊಡಗಿನ ಒಂದೂವರೆ ಪಟ್ಟಿಗಿಂತ ಸ್ವಲ್ಪ ಕಡಿಮೆ. ಜನಸಂಖ್ಯೆ ಮಾತ್ರ 2020ರ ಜನಗಣತಿಯಂತೆ 43 ಲಕ್ಷ. ಅಂದರೆ ವರ್ಷಕ್ಕೆ ಬರುವ ವಿದೇಶಿ ಅತಿಥಿಗಳೇ ಮನೆಯವರಿಗಿಂತ ಹೆಚ್ಚು. ನೇರವಾಗಿಯೋ ಸುತ್ತಿ ಬಳಸಿಯೋ ದ್ವೀಪದ ಆದಾಯದ ಅರ್ಧಕ್ಕಿಂತ ಹೆಚ್ಚು ಪಾಲು ಪ್ರವಾಸೋದ್ಯಮದಿಂದ ಬರುತ್ತದೆ.

ಆ ಆದಾಯ ಎಷ್ಟು ಸುಲಭವಾಗಿ ನಿಂತುಹೋಗಬಹುದು ಎಂಬುದನ್ನು ಬಾಲಿ ಮತ್ತೆ ಮತ್ತೆ ಕಂಡಿದೆ. 2002ರ ಅಕ್ಟೋಬರ್ 12ರಂದು ಕೂಟಾದಲ್ಲಿ ಬಾಂಬ್ ಸ್ಫೋಟಗೊಂಡು 202 ಜನ ಸತ್ತರು. 2005ರಲ್ಲಿ ಮತ್ತೊಂದು ದಾಳಿ ನಡೆಯಿತು. 2017ರ ನವೆಂಬರ್‌ನಲ್ಲಿ ಅಗುಂಗ್ ಪರ್ವತ ಬೂದಿ ಉಗುಳಿ ವಿಮಾನ ನಿಲ್ದಾಣವನ್ನೇ ಕೆಲವು ದಿನ ಮುಚ್ಚಿಸಿತು. ಪ್ರತಿ ಸಲವೂ ಸರ್ಕಾರ ಪ್ರಚಾರಕ್ಕೆ ಹಣ ಹಾಕಿತು, ಜನ ಮರಳಿ ಬಂದರು, ಪಾಠ ಮರೆತುಹೋಯಿತು. ಮರೆಯಲಾಗದ ಪೆಟ್ಟು ಬಿದ್ದದ್ದು 2020ರಲ್ಲಿ, ಕೋವಿಡ್‌ನಿಂದ.

ಇಷ್ಟೊಂದು ಅವಲಂಬನೆ ತಾನಾಗಿಯೇ ಬೆಳೆಯಿತೇ?

ಇಲ್ಲ, ಅದನ್ನು ಬೆಳೆಸಿದ್ದೇ ಸರ್ಕಾರ. 1969ರಲ್ಲಿ ಡೆನ್ಪಸಾರ್ ಬಳಿಯ ವಿಮಾನ ನಿಲ್ದಾಣ ಅಂತರರಾಷ್ಟ್ರೀಯ ಸಂಚಾರಕ್ಕೆ ತೆರೆಯಿತು. 1971ರಲ್ಲಿ ಫ್ರೆಂಚ್ ಸಲಹೆಗಾರರು ಪ್ರವಾಸೋದ್ಯಮದ ನೀಲನಕ್ಷೆ ಬರೆದುಕೊಟ್ಟರು, ವಿಶ್ವಬ್ಯಾಂಕ್ ಸಾಲ ಕೊಟ್ಟಿತು. ದಕ್ಷಿಣದ ತುದಿಯಲ್ಲಿ ಬೇಸಾಯಕ್ಕೆ ಹೆಚ್ಚು ಒದಗದ ನುಸಾ ದುವಾದಲ್ಲಿ ದೊಡ್ಡ ಹೋಟೆಲುಗಳನ್ನು ಒಂದೇ ಕಡೆ ಕಟ್ಟಬೇಕು, ಪ್ರವಾಸಿಗರು ಹಗಲು ಹೊತ್ತು ಹಳ್ಳಿಗಳನ್ನು ನೋಡಿ ಸಂಜೆಗೆ ಅಲ್ಲಿಗೇ ಮರಳಬೇಕು ಎಂಬುದು ಆ ಯೋಜನೆ. ಗದ್ದೆಗಳೂ ಹಳ್ಳಿಯ ಬದುಕೂ ಹಾಗೆಯೇ ಉಳಿಯಲಿ ಎಂಬ ಕಾಳಜಿ ಅದರಲ್ಲಿ ಇತ್ತು.

ಆ ಬೇಲಿ ನಿಲ್ಲಲಿಲ್ಲ. ಕೂಟಾ, ಸೆಮಿನ್ಯಾಕ್, ಚಂಗ್ಗು, ಉಬುದ್ ಎಂದು ಹೋಟೆಲುಗಳೂ ವಿಲ್ಲಾಗಳೂ ಗದ್ದೆಯಿಂದ ಗದ್ದೆಗೆ ಹಬ್ಬಿದವು.

2020ರಲ್ಲಿ ನಿಜಕ್ಕೂ ಏನಾಯಿತು?

2019ರಲ್ಲಿ ಬಾಲಿಗೆ ಸುಮಾರು 62.8 ಲಕ್ಷ ವಿದೇಶಿ ಪ್ರವಾಸಿಗರು ಬಂದಿದ್ದರು. 2021ರ ಇಡೀ ವರ್ಷದಲ್ಲಿ ಬಂದವರು 51 ಮಂದಿ. 51 ಸಾವಿರವಲ್ಲ, ಐವತ್ತೊಂದು ಜನ. ಅವರಲ್ಲೂ ಬಹುಪಾಲು ಹಾಯಿದೋಣಿಗಳಲ್ಲಿ ಬಂದವರು. 2020ರಲ್ಲಿ ಇಂಡೊನೇಷ್ಯಾದ ಆರ್ಥಿಕತೆ ಶೇ 2ರಷ್ಟು ಕುಗ್ಗಿದರೆ ಬಾಲಿಯದು ಶೇ 9ಕ್ಕಿಂತ ಹೆಚ್ಚು ಕುಗ್ಗಿತು. ಮರುವರ್ಷ ದೇಶ ಚೇತರಿಸಿಕೊಂಡರೂ ಬಾಲಿ ಇನ್ನೂ ಇಳಿಯುತ್ತಲೇ ಇತ್ತು.

ಹೋಟೆಲಿನ ಕೆಲಸ ಹೋದವರು ಊರಿಗೆ ಮರಳಿದರು. ನನ್ನ ಮನಸ್ಸಿನಲ್ಲಿ ಉಳಿದಿರುವುದು ನುಸಾ ಲೆಂಬೊಂಗಾನ್ ಎಂಬ ಪುಟ್ಟ ದ್ವೀಪದ ಕಥೆ. ಅಲ್ಲಿಯವರು 1980ರ ದಶಕದಿಂದ ಕಡಲಕಳೆ ಬೆಳೆಯುತ್ತಿದ್ದರು. ಕಡಲು ಇಳಿದ ಹೊತ್ತಿಗೆ ಮೊಣಕಾಲುದ್ದ ನೀರಿಗೆ ಇಳಿಯಬೇಕು. ಗೂಟದಿಂದ ಗೂಟಕ್ಕೆ ಬಿಗಿದ ಹಗ್ಗಗಳಿಗೆ ಕಳೆಯ ತುಂಡುಗಳನ್ನು ಗೇಣಿಗೊಂದರಂತೆ ಕಟ್ಟಬೇಕು. ತಿಂಗಳು, ಒಂದೂವರೆ ತಿಂಗಳಿಗೆ ಕೊಯ್ದು, ಬುಟ್ಟಿಗಳಲ್ಲಿ ದಡಕ್ಕೆ ಹೊತ್ತು ತಂದು, ಟಾರ್ಪಾಲಿನ ಮೇಲೆ ಹರಡಿ ಒಣಗಿಸಬೇಕು. ಐಸ್‌ಕ್ರೀಮ್, ಟೂತ್‌ಪೇಸ್ಟ್‌ಗಳನ್ನು ಗಟ್ಟಿಯಾಗಿಸುವ ಪದಾರ್ಥ ಅದರಿಂದ ಸಿಗುತ್ತದೆ. ಪ್ರವಾಸಿ ದೋಣಿಗಳು ಹೆಚ್ಚಿದಂತೆ, 2010ರ ದಶಕದ ನಡುವೆ, ಈ ಬೆಳೆಯನ್ನು ಹೆಚ್ಚುಕಡಿಮೆ ಎಲ್ಲರೂ ಕೈಬಿಟ್ಟಿದ್ದರು. 2020ರಲ್ಲಿ ದೋಣಿಗಳು ನಿಂತ ಕೆಲವೇ ತಿಂಗಳಲ್ಲಿ ಹಗ್ಗಗಳು ಮತ್ತೆ ನೀರಿಗೆ ಇಳಿದವು. ಹೇಗೆ ಕಟ್ಟಬೇಕು, ಯಾವ ನೀರಿನಲ್ಲಿ ಚೆನ್ನಾಗಿ ಬರುತ್ತದೆ ಎಂದು ಬಲ್ಲ ಹಿರಿಯರು ಇನ್ನೂ ಬದುಕಿದ್ದರು. ಇನ್ನು ಇಪ್ಪತ್ತು ವರ್ಷ ತಡವಾಗಿದ್ದರೆ ಕಲಿಸುವವರೇ ಇರುತ್ತಿರಲಿಲ್ಲ.

'ಕೆರ್ತಿ ಬಾಲಿ' ಯೋಜನೆ ಎಂದರೇನು?

2021ರ ಡಿಸೆಂಬರ್‌ನಲ್ಲಿ ಅಂದಿನ ಅಧ್ಯಕ್ಷ ಜೋಕೊ ವಿಡೊಡೊ ಬಾಲಿಯಲ್ಲೇ ಬಿಡುಗಡೆ ಮಾಡಿದ ಆರ್ಥಿಕ ಮಾರ್ಗಸೂಚಿ ಅದು. ಇಂಡೊನೇಷ್ಯಾದ ರಾಷ್ಟ್ರೀಯ ಯೋಜನಾ ಸಚಿವಾಲಯ ಮತ್ತು ಪ್ರಾಂತ್ಯ ಸರ್ಕಾರ ಸೇರಿ ರೂಪಿಸಿದ್ದು. ಆರು ಕ್ಷೇತ್ರಗಳನ್ನು ಅದು ಹೆಸರಿಸುತ್ತದೆ: ಸಾವಯವ ಕೃಷಿ, ಮೀನುಗಾರಿಕೆ ಮತ್ತು ಕಡಲು, ಬಾಲಿಯ ಸಂಸ್ಕೃತಿಯನ್ನೇ ಆಧಾರವಾಗಿಸಿಕೊಂಡ ಕೈಗಾರಿಕೆ, ಸಣ್ಣ ಉದ್ದಿಮೆ ಮತ್ತು ಸಹಕಾರ ಸಂಘ, ಸೃಜನಶೀಲ ಹಾಗೂ ಡಿಜಿಟಲ್ ಕೆಲಸ, ಕೊನೆಗೆ ಪ್ರವಾಸೋದ್ಯಮ. 'ಕೆರ್ತಿ' ನಮ್ಮ 'ಕೀರ್ತಿ'ಯನ್ನು ನೆನಪಿಸುತ್ತದೆ. ಅಲ್ಲಿ ಅದನ್ನು ಕಾಪಾಡುವುದು, ಪಾವನವಾಗಿಡುವುದು ಎಂಬ ಅರ್ಥದಲ್ಲಿ ಬಳಸುತ್ತಾರೆ.

ಪ್ರವಾಸೋದ್ಯಮವನ್ನು ಪಟ್ಟಿಯಿಂದ ತೆಗೆಯಲಿಲ್ಲ ಎಂದು ಕೆಲವರು ಟೀಕಿಸಿದ್ದಾರೆ. ಆ ಟೀಕೆ ನನಗೆ ಒಪ್ಪಿಗೆಯಿಲ್ಲ. ಲಕ್ಷಾಂತರ ಮನೆಗಳ ಒಲೆ ಉರಿಯುತ್ತಿರುವುದು ಅದರಿಂದಲೇ. ಪ್ರವಾಸಿಗರು ಬಾರದ ವರ್ಷದಲ್ಲೂ ಉರಿಯುವ ಇನ್ನೊಂದು ಒಲೆ ಇರಬೇಕು ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಹೋಟೆಲುಗಳು ಸ್ಥಳೀಯ ರೈತರಿಂದಲೇ ಕೊಳ್ಳಬೇಕೆಂಬ ನಿಯಮವಿದೆಯೇ?

ಇದೆ. ವಯಾನ್ ಕೊಸ್ಟರ್ ರಾಜ್ಯಪಾಲರಾದ 2018ರಲ್ಲೇ ಅದು ಬಂತು. (ಅಲ್ಲಿ ರಾಜ್ಯಪಾಲರು ಜನರಿಂದ ಆಯ್ಕೆಯಾದವರು, ಅಧಿಕಾರದಲ್ಲಿ ನಮ್ಮ ಮುಖ್ಯಮಂತ್ರಿಯ ಹಾಗೆ.) 99ನೇ ಸಂಖ್ಯೆಯ ಆ ನಿಯಮದಂತೆ ಹೋಟೆಲು, ರೆಸ್ಟೊರೆಂಟ್, ಸೂಪರ್ ಮಾರ್ಕೆಟ್‌ಗಳು ಬಾಲಿಯ ಕೃಷಿ, ಮೀನು ಮತ್ತು ಗುಡಿ ಕೈಗಾರಿಕೆಯ ವಸ್ತುಗಳನ್ನು ಬಳಸಬೇಕು. 2019ರಲ್ಲಿ ಸಾವಯವ ಕೃಷಿಗೆಂದೇ ಪ್ರಾಂತೀಯ ಕಾನೂನು ಬಂತು.

ಇಡೀ ಪ್ರಯತ್ನದಲ್ಲಿ ನನಗೆ ಅತ್ಯಂತ ಸರಿಯೆನಿಸಿದ ಆಲೋಚನೆ ಇದು. ಪ್ರವಾಸಿಗರು ತಂದ ಹಣವನ್ನು ಗದ್ದೆಗೆ ತಿರುಗಿಸುವ ಕಾಲುವೆ ಇದ್ದಂತೆ. ಆದರೆ ಆ ಕಾಲುವೆಯಲ್ಲಿ ಹೂಳು ಬಹಳ. ದೊಡ್ಡ ಹೋಟೆಲಿಗೆ ವರ್ಷವಿಡೀ ಒಂದೇ ಗಾತ್ರದ, ಒಂದೇ ಗುಣಮಟ್ಟದ ಟೊಮೆಟೊ ಬೇಕು. ಬಿಲ್ಲು ಕೊಟ್ಟ ಮೇಲೆ ಹಣ ಕೈಗೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಕಾಲು ಎಕರೆ, ಅರ್ಧ ಎಕರೆ ಇರುವ ರೈತನಿಗೆ ಕಟಾವಿನ ದಿನವೇ ಕೂಲಿ ಕೊಡಬೇಕು, ಮನೆಯಲ್ಲಿ ಪೂಜೆಯಿದ್ದರೆ ಅದಕ್ಕೂ ಅಂದೇ ಹಣ ಬೇಕು. ಕಾಯುವ ಶಕ್ತಿ ಇರುವುದು ಮಧ್ಯವರ್ತಿಗೆ. ಲಾಭವೂ ಅವನಿಗೇ ಸೇರುತ್ತದೆ. ರೈತನಿಗೆ ಅಂದೇ ಹಣ ಕೊಟ್ಟು, ಹೋಟೆಲಿನಿಂದ ಆಮೇಲೆ ವಸೂಲು ಮಾಡುವ ಸಂಸ್ಥೆಯೊಂದು ಊರೂರಿಗೆ ಇದ್ದರೆ ಮಾತ್ರ ಈ ನಿಯಮಕ್ಕೆ ಜೀವ ಬರುತ್ತದೆ.

ಅರಾಕ್, ಎಂಡೆಕ್, ಉಪ್ಪು ಎಂದೆಲ್ಲ ಕೇಳುತ್ತೇವೆ. ಇವು ಆರ್ಥಿಕತೆಯನ್ನು ಬದಲಿಸುವಷ್ಟು ದೊಡ್ಡವೇ?

ದೊಡ್ಡವಲ್ಲ. ಆದರೆ ಇವು ಬಡ ಜಿಲ್ಲೆಗಳ ಮನೆಗಳಿಗೆ ನೇರವಾಗಿ ತಲುಪುತ್ತವೆ.

ಅರಾಕ್ ಎಂದರೆ ತೆಂಗು, ತಾಳೆಯ ಕಳ್ಳಿನಿಂದ ಮನೆಯಲ್ಲೇ ಭಟ್ಟಿ ಇಳಿಸುವ ಮದ್ಯ. ಪೂರ್ವದ ಕರಂಗಸೆಮ್ ಜಿಲ್ಲೆಯಲ್ಲಿ ಇದು ತಲೆತಲಾಂತರದ ಕಸುಬು. ಕಾನೂನಿನ ಭಯದಲ್ಲಿ ಕದ್ದುಮುಚ್ಚಿ ನಡೆಯುತ್ತಿತ್ತು. 2020ರ ಒಂದನೇ ಸಂಖ್ಯೆಯ ನಿಯಮ ಇದಕ್ಕೆ ದಾರಿ ತೆರೆಯಿತು: ಭಟ್ಟಿಯವರು ಸಹಕಾರ ಸಂಘಕ್ಕೆ ಮಾರಬೇಕು, ಪರವಾನಗಿ ಇರುವ ಕಾರ್ಖಾನೆ ಬಾಟಲಿಗೆ ತುಂಬಿ ಮಾರುಕಟ್ಟೆಗೆ ಕಳುಹಿಸಬೇಕು. ಬೇಡಿಕೆ ಏರಿದೊಡನೆ ಸಕ್ಕರೆ ಹುದುಗಿಸಿ ಮಾಡಿದ ಅಗ್ಗದ ಅರಾಕ್ ಮಾರುಕಟ್ಟೆಗೆ ನುಗ್ಗಿತು. ಮರ ಹತ್ತುವವನ ಬೆವರಿಗೆ ಬೆಲೆ ಇಳಿಯಿತು.

ಎಂಡೆಕ್ ಎಂಬ ಕೈಮಗ್ಗದ ಬಟ್ಟೆಯದೂ ಇದೇ ಪಾಡು. ಹೊಕ್ಕಿನ ನೂಲನ್ನು ಮೊದಲೇ ಗಂಟು ಕಟ್ಟಿ ಬಣ್ಣ ಹಾಕಿ, ನೇಯುವಾಗ ಚಿತ್ತಾರ ಮೂಡಿಸುತ್ತಾರೆ. ಪ್ಯಾರಿಸ್‌ನ ಡಿಯೋರ್ ಸಂಸ್ಥೆ 2021ರ ಸಂಗ್ರಹದಲ್ಲಿ ಇದನ್ನು ಬಳಸಿತು. ಅದೇ ವರ್ಷದ ಫೆಬ್ರುವರಿಯಿಂದ ಪ್ರತಿ ಮಂಗಳವಾರ ಕಚೇರಿಗಳಲ್ಲಿ ಎಂಡೆಕ್ ಉಡಬೇಕೆಂದು ರಾಜ್ಯಪಾಲರು ಸುತ್ತೋಲೆ ಹೊರಡಿಸಿದರು. ಮಾರಾಟ ಏರಿತು. ಆದರೆ ಅದರಲ್ಲಿ ದೊಡ್ಡ ಪಾಲು ಜಾವಾದಲ್ಲಿ ನೇಯ್ದ ಅಗ್ಗದ ಬಟ್ಟೆ. ಇಳಕಲ್ಲಿನ ಮಗ್ಗದವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಪ್ಪಿಗೂ 2021ರಲ್ಲಿ ಸುತ್ತೋಲೆ ಬಂತು. ಅದರ ವಿಷಯ ಕೊನೆಯ ಪ್ರಶ್ನೆಯಲ್ಲಿ ಬರುತ್ತದೆ.

ಬಾಲಿಯಲ್ಲೂ ಕಾಫಿ ಬೆಳೆಯುತ್ತಾರೆಯೇ?

ಹೌದು, ಬಾತುರ್ ಜ್ವಾಲಾಮುಖಿಯ ಸುತ್ತಲಿನ ಕಿಂತಮಾನಿ ಎತ್ತರದಲ್ಲಿ, ಕಿತ್ತಳೆ ಗಿಡಗಳ ನಡುವೆ ಅರೇಬಿಕಾ. ಕೊಡಗಿನವರಿಗೆ ಕಣ್ಣಿಗೆ ಕಟ್ಟಿದಂತಾಗುವ ತೋಟ! ಇಂಡೊನೇಷ್ಯಾದಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಪಡೆದ ಮೊತ್ತಮೊದಲ ಉತ್ಪನ್ನ ಇದೇ, 2008ರಲ್ಲಿ. ಕೊಡಗು ಅರೇಬಿಕಾಕ್ಕೆ ಆ ಮನ್ನಣೆ ಸಿಕ್ಕಿದ್ದು 2019ರಲ್ಲಿ. ಪಶ್ಚಿಮದ ಜೆಂಬ್ರಾನ ಜಿಲ್ಲೆಯಲ್ಲಿ ಕೋಕೊ ಬೆಳೆಗಾರರು ಸಹಕಾರ ಸಂಘ ಕಟ್ಟಿಕೊಂಡು, ಬೀಜವನ್ನು ಸರಿಯಾಗಿ ಹುದುಗಿಸಿ, ಫ್ರಾನ್ಸ್‌ಗೆ ರಫ್ತು ಮಾಡುತ್ತಿದ್ದಾರೆ. ವಿಮಾನ ನಿಲ್ದಾಣ ಮುಚ್ಚಿದರೂ ಹಡಗಿನಲ್ಲಿ ಹೋಗುವ ಸರಕು ಇದು. ಇಂಥದ್ದು ಹೆಚ್ಚಬೇಕು.

ಸುಬಕ್ ಎಂದರೇನು? ಆರ್ಥಿಕತೆಯ ಮಾತಿನಲ್ಲಿ ಅದು ಏಕೆ ಬರುತ್ತದೆ?

ಸುಬಕ್ ಎಂದರೆ ಒಂದೇ ಮೂಲದ ನೀರು ಹಂಚಿಕೊಳ್ಳುವ ರೈತರ ಕೂಟ. ಸಾವಿರ ವರ್ಷದ ಹಿಂದಿನ ಶಾಸನಗಳ ಕಾಲಕ್ಕೇ ಅದರ ಬೇರು ಹೋಗುತ್ತದೆ. ನಮ್ಮ ಕೆರೆಗಳಿಗೆ ನೀರುಗಂಟಿ ಇದ್ದಂತೆ ಅಲ್ಲಿ ನೀರಿನ ಗುಡಿಗಳಿವೆ. ಯಾರ ಗದ್ದೆಗೆ ಯಾವಾಗ ನೀರು, ಯಾವ ವಾರ ನಾಟಿ, ಯಾವಾಗ ಗದ್ದೆ ಬರಿದಾಗಿ ಬಿಡಬೇಕು ಎಂಬುದನ್ನು ಗುಡಿಯ ಸಭೆಯಲ್ಲಿ ಕುಳಿತು ತೀರ್ಮಾನಿಸುತ್ತಾರೆ. 1970ರ ದಶಕದಲ್ಲಿ ಸರ್ಕಾರ ಹಸಿರು ಕ್ರಾಂತಿಯ ಹೆಸರಿನಲ್ಲಿ ಈ ಕ್ರಮ ಬಿಟ್ಟು ಬಿಡುವಿಲ್ಲದೆ ಬೆಳೆಯಿರಿ ಎಂದಿತು. ಕೀಟಗಳ ಕಾಟ ಮಿತಿಮೀರಿತು. ಎಲ್ಲರೂ ಒಟ್ಟಿಗೆ ನಾಟಿ ಮಾಡಿ ಒಟ್ಟಿಗೆ ಕೊಯ್ದರೆ ಕೀಟಗಳಿಗೆ ಮುಂದಿನ ಊಟ ಸಿಗುವುದಿಲ್ಲ, ಗುಡಿಯ ಪಂಚಾಂಗದ ಹಿಂದೆ ಇರುವ ತಿಳಿವಳಿಕೆ ಅದು ಎಂದು ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಲೆಕ್ಕ ಹಾಕಿ ತೋರಿಸಿದರು. 2012ರಲ್ಲಿ ಯುನೆಸ್ಕೊ ಸುಬಕ್ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆರ್ಥಿಕತೆಯ ಮಾತು ಇಲ್ಲಿಂದಲೇ ಶುರುವಾಗುತ್ತದೆ. ಮೇಲಿನ ಗದ್ದೆಯವನು ಮಾರಿ ಅಲ್ಲಿ ವಿಲ್ಲಾ ಎದ್ದರೆ ಕಾಲುವೆ ತುಂಡಾಗುತ್ತದೆ; ಕೆಳಗಿನ ಹತ್ತು ಗದ್ದೆ ಒಣಗುತ್ತದೆ. ಸುತ್ತಲಿನ ಜಮೀನಿನ ಬೆಲೆ ಏರಿದಂತೆ ಗದ್ದೆಯ ಮೇಲಿನ ತೆರಿಗೆಯೂ ಏರುತ್ತದೆ. ಭತ್ತದ ಆದಾಯದಲ್ಲಿ ಅದನ್ನು ಕಟ್ಟಲಾಗದೆ ಮತ್ತೊಬ್ಬ ಮಾರುತ್ತಾನೆ. ಸಾವಯವ ಕೃಷಿಗೆ ಎಷ್ಟೇ ಕಾನೂನು ಬರೆದರೂ ಕೃಷಿಗೆ ನೆಲವೇ ಉಳಿಯದಿದ್ದರೆ ಕಾನೂನು ಯಾರಿಗೆ? 2025ರ ಸೆಪ್ಟೆಂಬರ್‌ನಲ್ಲಿ ಡೆನ್ಪಸಾರ್ ಸುತ್ತಮುತ್ತ ಪ್ರವಾಹ ಬಂದು ಹದಿನೈದಕ್ಕೂ ಹೆಚ್ಚು ಜನ ಸತ್ತರು. ಆ ಬಳಿಕವೇ, ಫಲವತ್ತಾದ ಕೃಷಿಭೂಮಿಯಲ್ಲಿ ಹೊಸ ಹೋಟೆಲು, ರೆಸ್ಟೊರೆಂಟ್‌ಗಳಿಗೆ ಇನ್ನು ಅನುಮತಿ ಇಲ್ಲ ಎಂದು ರಾಜ್ಯಪಾಲರು ಘೋಷಿಸಿದರು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಪರಂಪರೆಯ ತಾಣವಾದ ಜತಿಲುವಿಹ್‌ನಲ್ಲಿ ನಿಯಮ ಮೀರಿ ಕಟ್ಟಿದ ಊಟದ ಮನೆ, ವಸತಿಗಳಿಗೆ ಅಧಿಕಾರಿಗಳು ಬೀಗಮುದ್ರೆ ಹಾಕಿದರು. ಮರುದಿನಗಳಲ್ಲಿ ರೈತರು ತಮ್ಮದೇ ಗದ್ದೆಗಳಲ್ಲಿ ತಗಡಿನ ಶೀಟುಗಳನ್ನು ನೆಟ್ಟರು. ಹಸಿರು ಪೈರಿನ ನಡುವೆ ಬಿಸಿಲಿಗೆ ಕಣ್ಣು ಕೋರೈಸುವ ತಗಡು. ಪ್ರವಾಸಿಗರ ಫೋಟೊ ಹಾಳಾಗಲಿ ಎಂದೇ ಮಾಡಿದ್ದು. ನೋಟ ನಮ್ಮದು, ಬೆವರು ನಮ್ಮದು, ಗಳಿಕೆಯಲ್ಲಿ ನಮ್ಮ ಪಾಲು ಎಲ್ಲಿ ಎಂಬುದು ಅವರ ಪ್ರಶ್ನೆ. ಅಧಿಕಾರಿಗಳ ಕ್ರಮ ಕಾನೂನಿನ ದೃಷ್ಟಿಯಿಂದ ಸರಿಯೇ ಇರಬಹುದು. ಆದರೂ ನನ್ನ ಮನಸ್ಸು ತಗಡು ನೆಟ್ಟವರ ಕಡೆಗಿದೆ. ಗದ್ದೆಯನ್ನು ಗದ್ದೆಯಾಗಿ ಇಟ್ಟುಕೊಂಡದ್ದಕ್ಕೆ ಅವರಿಗೆ ಹಣ ಸಿಗಬೇಕು. ಬದುವಿನ ಮೇಲೆ ಚಹಾ ಅಂಗಡಿ ಇಟ್ಟರೆ ಮಾತ್ರ ಗಳಿಕೆ ಎಂಬ ಸ್ಥಿತಿ ಬರಬಾರದು.

ಸನೂರ್‌ನಲ್ಲಿ ದೊಡ್ಡ ಆಸ್ಪತ್ರೆ ಕಟ್ಟಿದ್ದಾರಂತೆ. ಅದೂ ಈ ಯೋಜನೆಯ ಭಾಗವೇ?

ಹೌದು. 2022ರಲ್ಲಿ ಸನೂರ್ ಕಡಲ ತೀರದ 41 ಹೆಕ್ಟೇರ್ ಪ್ರದೇಶವನ್ನು ಆರೋಗ್ಯಕ್ಕೆ ಮೀಸಲಾದ ವಿಶೇಷ ಆರ್ಥಿಕ ವಲಯವೆಂದು ಘೋಷಿಸಿದರು. ಅಲ್ಲಿನ ಬಾಲಿ ಇಂಟರ್‌ನ್ಯಾಷನಲ್ ಆಸ್ಪತ್ರೆಯನ್ನು 2025ರ ಜೂನ್‌ನಲ್ಲಿ ಅಧ್ಯಕ್ಷ ಪ್ರಬೊವೊ ಸುಬಿಯಾಂತೊ ಉದ್ಘಾಟಿಸಿದರು. ಚಿಕಿತ್ಸೆಗೆ ಸಿಂಗಪುರ, ಮಲೇಷ್ಯಾಕ್ಕೆ ಹೋಗುವ ಇಂಡೊನೇಷ್ಯಾದ ಸಿರಿವಂತರನ್ನು ದೇಶದಲ್ಲೇ ಉಳಿಸಿಕೊಳ್ಳುವುದು ಗುರಿ. ದಾದಿಯರು, ತಂತ್ರಜ್ಞರಿಗೆ ಒಳ್ಳೆಯ ಉದ್ಯೋಗ ಸಿಗುತ್ತದೆ, ಅದು ಸಂತೋಷವೇ. ಆದರೆ ಇಲ್ಲಿಯೂ ಹಣ ತರುವವನು ವಿಮಾನದಿಂದಲೇ ಇಳಿಯಬೇಕು.

ದಕ್ಷಿಣದಲ್ಲೇ ಎಲ್ಲವೂ ಏಕೆ? ಉತ್ತರಕ್ಕೆ ಏನು ಮಾಡಿದ್ದಾರೆ?

ಡಚ್ಚರ ಕಾಲದಲ್ಲಿ ಆಡಳಿತ ಕೇಂದ್ರ ಉತ್ತರದ ಸಿಂಗರಾಜ ಆಗಿತ್ತು. ವಿಮಾನ ನಿಲ್ದಾಣ ಬೆಳೆದ ಕಡೆ ಹಣವೂ ಹೋಯಿತು. ಇಂದು ಹೋಟೆಲು ತೆರಿಗೆಯ ಬಹುಪಾಲು ದಕ್ಷಿಣದ ಬದುಂಗ್ ಜಿಲ್ಲೆಗೆ ಹರಿಯುತ್ತದೆ. ಅದರಲ್ಲಿ ಒಂದು ಪಾಲನ್ನು ಬದುಂಗ್ ಬೇರೆ ಜಿಲ್ಲೆಗಳಿಗೆ ಕೊಡುತ್ತದೆ. ಉತ್ತರಕ್ಕೊಂದು ವಿಮಾನ ನಿಲ್ದಾಣ ಎಂಬ ಮಾತು ದಶಕ ದಾಟಿದೆ. ಪಶ್ಚಿಮದ ಗಿಲಿಮನುಕ್‌ನಿಂದ ಮೆಂಗ್ವಿವರೆಗಿನ ಸುಮಾರು 96 ಕಿ.ಮೀ. ಟೋಲ್ ರಸ್ತೆಗೆ 2022ರಲ್ಲಿ ಗುದ್ದಲಿ ಪೂಜೆಯಾಗಿ ಕೆಲಸ ನಿಂತುಹೋಯಿತು. ರಸ್ತೆ ಹಾದುಹೋಗುವ ಹಳ್ಳಿಗಳಲ್ಲಿ ಅತ್ತ ಜಮೀನನ್ನು ಮಾರಲೂ ಆಗದೆ, ಇತ್ತ ನೆಮ್ಮದಿಯಿಂದ ಉಳಲೂ ಆಗದೆ ಕುಳಿತವರಿದ್ದಾರೆ.

ಊರಿನ ಜನ ಸರ್ಕಾರದ ಯೋಜನೆಯನ್ನು ಸುಮ್ಮನೆ ಒಪ್ಪಿಕೊಳ್ಳುತ್ತಾರೆಯೇ?

ಖಂಡಿತ ಇಲ್ಲ. ಬಾಲಿಯ ಬಲ ಇರುವುದೇ ಅದರ ಸಾಂಪ್ರದಾಯಿಕ ಗ್ರಾಮಗಳಲ್ಲಿ. ಅಂಥವು ಸುಮಾರು 1,500 ಇವೆ. ಬೆನೊವಾ ಕೊಲ್ಲಿಯನ್ನು ಮಣ್ಣು ತುಂಬಿಸಿ ಹೋಟೆಲು ಕಟ್ಟುವ ಯೋಜನೆಯ ವಿರುದ್ಧ 2013ರಿಂದ ವರ್ಷಗಟ್ಟಲೆ ಹೋರಾಟ ನಡೆಯಿತು. ಗ್ರಾಮ ಸಭೆಗಳು ಒಂದೊಂದಾಗಿ ವಿರೋಧದ ನಿರ್ಣಯ ಮಾಡಿದವು. 2019ರಲ್ಲಿ ಕೊಲ್ಲಿ ಸಂರಕ್ಷಿತ ಪ್ರದೇಶವಾಯಿತು.

ಈ ಗ್ರಾಮಗಳಿಗೆ 1980ರ ದಶಕದಿಂದಲೇ ತಮ್ಮದೇ ಸಾಲ ಸಂಸ್ಥೆಗಳಿವೆ, ಎಲ್‌ಪಿಡಿ ಎಂದು ಹೆಸರು. ನಮ್ಮ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ದಾಯಾದಿಗಳೆನ್ನಬಹುದು. ಕೆಲವು ಕಡೆ ಹಣದ ದುರುಪಯೋಗವಾಗಿದೆ, 2020ರಲ್ಲಿ ಠೇವಣಿ ವಾಪಸ್ ಕೊಡಲು ಹಲವು ಒದ್ದಾಡಿವೆ. ಹಾಗಿದ್ದರೂ, ಮೇಲೆ ಹೇಳಿದ 'ರೈತನಿಗೆ ಅಂದೇ ಹಣ' ಕೊಡಬಲ್ಲ ಸಂಸ್ಥೆ ಬಾಲಿಯಲ್ಲಿ ಇದ್ದರೆ ಅದು ಇದೇ. ಹೊಸ ಕಟ್ಟಡಗಳಿಗೆ ಹಾಕುವ ಹಣದ ಸಣ್ಣ ಪಾಲನ್ನು ಇವುಗಳ ಲೆಕ್ಕಪತ್ರ ಸರಿಪಡಿಸಲು ಹಾಕಲಿ ಎಂದು ಬಯಸುತ್ತೇನೆ.

ಇಷ್ಟು ವರ್ಷದಲ್ಲಿ ಫಲ ಕಂಡಿದೆಯೇ?

ಬಾಲಿಯ ಆರ್ಥಿಕತೆ 2023, 2024ರಲ್ಲಿ ಶೇ 5ಕ್ಕಿಂತ ಹೆಚ್ಚು ಬೆಳೆಯಿತು. ಆ ಬೆಳವಣಿಗೆಯನ್ನು ತಂದದ್ದು ಮರಳಿ ಬಂದ ಪ್ರವಾಸಿಗರು. ಲೆಂಬೊಂಗಾನ್‌ನಲ್ಲಿ ದೋಣಿಗಳು ಮತ್ತೆ ಓಡುತ್ತಿವೆ, ಕಡಲಕಳೆಯ ಕೆಲಸಕ್ಕೆ ಕೈಗಳು ಮತ್ತೆ ಕಡಿಮೆಯಾಗಿವೆ. 2024ರಲ್ಲಿ ಹೊಸ ಹೋಟೆಲುಗಳಿಗೆ ತಡೆ ಹಾಕುವ ಮಾತು ಕೇಂದ್ರ ಸರ್ಕಾರದಿಂದ ಬಂದು ಅಲ್ಲಿಗೇ ನಿಂತಿತು. ಕಷ್ಟ ಬಂದಾಗ ಬರೆದ ಯೋಜನೆಯನ್ನು ಸುಖದ ದಿನಗಳಲ್ಲಿ ನಡೆಸುವುದು ಎಷ್ಟು ಕಠಿಣ ಎಂಬುದಕ್ಕೆ ಬಾಲಿಗಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ನಾವು ಬಾಲಿಗೆ ಹೋಗುವವರು. ನಮ್ಮಿಂದ ಏನಾದೀತು?

2024ರಲ್ಲಿ ಆಸ್ಟ್ರೇಲಿಯಾದವರ ನಂತರ ಅತಿ ಹೆಚ್ಚು ಬಂದವರು ಭಾರತೀಯರೇ. ಹಾಗಾಗಿ ಈ ಪ್ರಶ್ನೆ ನಮ್ಮದೂ ಹೌದು. ಮೊದಲು 1,50,000 ರುಪಿಯಾ ಪ್ರವಾಸಿ ಶುಲ್ಕ ಕಟ್ಟಿ. ನಮ್ಮ ಲೆಕ್ಕದಲ್ಲಿ ಎಂಟುನೂರು ರೂಪಾಯಿಯ ಆಸುಪಾಸು. 2024ರ ಫೆಬ್ರುವರಿ 14ರಿಂದ ಇದು ಕಡ್ಡಾಯ, 'ಲವ್ ಬಾಲಿ' ಜಾಲತಾಣದಲ್ಲಿ ಹೊರಡುವ ಮುನ್ನವೇ ಪಾವತಿಸಬಹುದು. ಸಂಸ್ಕೃತಿ ಮತ್ತು ಪರಿಸರದ ರಕ್ಷಣೆಗೆಂದು ಎತ್ತುವ ಹಣ ಇದು. ಮೊದಲ ವರ್ಷ ಬಂದವರಲ್ಲಿ ಸರಿಸುಮಾರು ಮೂರರಲ್ಲಿ ಒಬ್ಬರು ಮಾತ್ರ ಕಟ್ಟಿದ್ದಾರೆ.

ಉಳಿಯುವ ಹೋಟೆಲಿನಲ್ಲಿ ಅಕ್ಕಿ, ಹಣ್ಣು, ಕಾಫಿ ಎಲ್ಲಿಯದು ಎಂದು ಕೇಳಿ. ಕಿಂತಮಾನಿ ಕಾಫಿಯನ್ನೇ ತರಿಸಿ ಎನ್ನಿ. ಗ್ರಾಹಕ ಕೇಳಿದ್ದನ್ನು ಅಡುಗೆಮನೆ ತರಿಸುತ್ತದೆ. ಬಟ್ಟೆ ಕೊಳ್ಳುವುದಾದರೆ ಮಗ್ಗ ಇರುವ ಮನೆಯಿಂದಲೇ ಕೊಳ್ಳಿ.

ಒಂದು ಬೆಳಗ್ಗೆ ಬಿಡುವಿದ್ದರೆ ಪೂರ್ವ ತೀರದ ಕುಸಂಬಾಕ್ಕೆ ಹೋಗಿ. ಉಪ್ಪು ಮಾಡುವವರು ಕಡಲ ನೀರನ್ನು ಹೊತ್ತು ತಂದು ಕಪ್ಪು ಮರಳಿನ ಮೇಲೆ ಚೆಲ್ಲುತ್ತಾರೆ. ಒಣಗಿದ ಮರಳನ್ನು ಕೆರೆದು, ಮತ್ತೆ ನೀರು ಹಾಯಿಸಿ ಸೋಸಿ, ಆ ಗಟ್ಟಿ ಉಪ್ಪುನೀರನ್ನು ಉದ್ದಕ್ಕೆ ಸೀಳಿದ ತೆಂಗಿನ ಕಾಂಡದ ದೋಣಿಗಳಲ್ಲಿ ಬಿಸಿಲಿಗೆ ಬಿಡುತ್ತಾರೆ. ಅಯೋಡಿನ್ ಇಲ್ಲವೆಂಬ ಕಾರಣಕ್ಕೆ ಈ ಉಪ್ಪು ದೊಡ್ಡ ಅಂಗಡಿಗಳ ಕಪಾಟು ಹತ್ತುವುದೇ ಕಷ್ಟವಾಗಿತ್ತು. 2021ರ ಸುತ್ತೋಲೆ ಬಂದದ್ದು ಆ ತೊಡಕು ಬಿಡಿಸಲು. ತಯಾರಿಸಿದವರ ಕೈಯಿಂದಲೇ ಒಂದು ಪೊಟ್ಟಣ ಕೊಳ್ಳಿ, ಚೌಕಾಸಿ ಮಾಡಬೇಡಿ. ಮನೆಯಲ್ಲಿ ಮಾವಿನಕಾಯಿಯ ಹೋಳುಗಳಿಗೆ ಸವರಿ ತಿಂದು ನೋಡಿ.